ತಕ್ಕಡಿಗೇನು ಗೊತ್ತು?

ಪ್ರತಿ ವರ್ಷ ಜೂನ್ 26ಕ್ಕೆ ನಮ್ಮ ಆಡಿಟೋರಿಯಂ ತುಂಬಿ ತುಳುಕುತ್ತೆ. ಮಾದಕ ವಸ್ತು ವಿರೋಧಿ ದಿನ ಅನ್ನೋ ಪ್ರೀತಿಗಲ್ಲ, ಎರಡು ಪೀರಿಯಡ್ ಅಟೆಂಡೆನ್ಸ್ ಕೊಡ್ತಾರೆ ಅಂತ. ಒಬ್ಬರು ಅಧಿಕಾರಿ ಬರ್ತಾರೆ, ಸ್ಲೈಡ್ ತೋರಿಸ್ತಾರೆ, ಸಿಕ್ಕಿಬಿದ್ದರೆ ಎಷ್ಟು ವರ್ಷ ಜೈಲು ಅಂತ ಹೇಳ್ತಾರೆ. ನಾವೆಲ್ಲ ಎದ್ದು ನಿಂತು ಬಲಗೈ ಮುಂದೆ ಚಾಚಿ ಪ್ರತಿಜ್ಞೆ ಮಾಡ್ತೀವಿ. ಆಮೇಲೆ ಸಮೋಸ, ಟೀ.

ಕಳೆದ ವರ್ಷ ಆ ಕಾರ್ಯಕ್ರಮ ಮುಗಿದ ರಾತ್ರಿ ಹಾಸ್ಟೆಲ್ ಮೆಸ್ಸಿನ ಸಾಲಿನಲ್ಲಿ ಫಸ್ಟ್ ಇಯರ್ ಹುಡುಗನೊಬ್ಬ ನಮ್ಮ ಹಿಂದೆ ನಿಂತಿದ್ದ. ತಟ್ಟೆ ಕೈಯಲ್ಲೇ ಹಿಡಿದು ಮೆಲ್ಲಗೆ ಕೇಳಿದ: "ಅಣ್ಣಾ, ಡಾಕ್ಟರ್ ಹತ್ರ ಹೋಗಿ ಹೇಳ್ಕೊಂಡ್ರೆ ಪೊಲೀಸ್‌ಗೆ ತಿಳಿಸ್ತಾರಾ?" ಯಾರ ವಿಷಯ ಅಂತ ನಾವು ಕೇಳಲಿಲ್ಲ, ಅವನೂ ಹೇಳಲಿಲ್ಲ. ಉತ್ತರ ಮಾತ್ರ ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಬೆಳಿಗ್ಗೆಯಷ್ಟೇ ಎರಡು ಗಂಟೆ ಕೂತು ಕೇಳಿಸಿಕೊಂಡು ಬಂದಿದ್ದೆವು. ಎಷ್ಟು ಗ್ರಾಂಗೆ ಎಷ್ಟು ವರ್ಷ ಅಂತ ಗೊತ್ತಿತ್ತು, ಸಹಾಯ ಬೇಕಾದವನು ಎಲ್ಲಿಗೆ ಹೋಗಬೇಕು ಅನ್ನೋದು ಗೊತ್ತಿರಲಿಲ್ಲ.

ಆ ನಾಚಿಕೆಗೆ ಓದಲು ಕೂತೆವು. ನಮ್ಮ ಎನ್‌ಡಿಪಿಎಸ್ ಕಾಯ್ದೆಯಿಂದ ಶುರು ಮಾಡಿದ ಓದು ನ್ಯೂಯಾರ್ಕ್ ರಾಜ್ಯಕ್ಕೆ ಕರೆದುಕೊಂಡು ಹೋಯಿತು. ಕಾರಣ ಇಷ್ಟೇ. ಕಠಿಣವಾದ ಡ್ರಗ್ ಕಾನೂನನ್ನು ತಂದು, ಮೂವತ್ತಾರು ವರ್ಷ ಅದರ ಜೊತೆ ಬದುಕಿ, ಕೊನೆಗೆ ಅದನ್ನು ಬಿಚ್ಚಿದ ಊರು ಅದು. ಯಾರು ಬಿಚ್ಚಿದರು, ಹೇಗೆ ಬಿಚ್ಚಿದರು ಅನ್ನೋದಕ್ಕೆ ದಾಖಲೆ ಇದೆ.

1973ರಲ್ಲಿ ಅಲ್ಲಿನ ಗವರ್ನರ್ ನೆಲ್ಸನ್ ರಾಕ್‌ಫೆಲ್ಲರ್. ಅಧ್ಯಕ್ಷ ಹುದ್ದೆಯ ಮೇಲೆ ಬಹಳ ಕಾಲದಿಂದ ಕಣ್ಣಿಟ್ಟಿದ್ದ ಶ್ರೀಮಂತ. ಅರವತ್ತರ ದಶಕದಲ್ಲಿ ವ್ಯಸನಿಗಳ ಚಿಕಿತ್ಸೆಗೆ ಹಣ ಸುರಿದಿದ್ದವರೂ ಇವರೇ. ಅದು ಫಲ ಕೊಡಲಿಲ್ಲ ಅನ್ನಿಸಿದಾಗ ಪೂರ್ತಿ ಉಲ್ಟಾ ಹೊಡೆದರು. ಆ ವರ್ಷ ಮೇ 8ರಂದು ಸಹಿಯಾದ ಕಾನೂನಿನಲ್ಲಿ ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ ಹೆರಾಯಿನ್ ಅಥವಾ ಕೊಕೇನ್ ಮಾರಿದರೆ, ಇಲ್ಲವೇ ಎರಡು ಔನ್ಸ್ ಇಟ್ಟುಕೊಂಡಿದ್ದರೆ, ಕನಿಷ್ಠ 15 ವರ್ಷದಿಂದ ಜೀವಾವಧಿ. ಕೊಲೆಗೆ ಇದ್ದ ಶ್ರೇಣಿಯೇ ಇದಕ್ಕೂ. 1979ರಲ್ಲಿ ಆ ತೂಕವನ್ನು ಎರಡು ಮತ್ತು ನಾಲ್ಕು ಔನ್ಸಿಗೆ ಏರಿಸಿದರು, ಶಿಕ್ಷೆ ಹಾಗೇ ಉಳಿಯಿತು.

ಮೊದಲ ಸೆಮಿಸ್ಟರ್ ಲ್ಯಾಬಿನಲ್ಲಿ ನಮಗೆ ಹೇಳಿಕೊಡೋ ಪಾಠ ಒಂದಿದೆ: ಯಾವ ಉಪಕರಣ ಏನನ್ನು ಅಳೆಯುತ್ತೆ ಅಂತ ಮೊದಲು ತಿಳ್ಕೋ. ತಕ್ಕಡಿ ತೂಕ ಅಳೆಯುತ್ತೆ. ಅಪರಾಧದಲ್ಲಿ ಯಾರ ಪಾತ್ರ ಎಷ್ಟು ಅಂತ ಅಳೆಯಲ್ಲ. ರಾಕ್‌ಫೆಲ್ಲರ್ ಕಾನೂನು ತಕ್ಕಡಿಯನ್ನೇ ನ್ಯಾಯಾಧೀಶರ ಕುರ್ಚಿಯಲ್ಲಿ ಕೂರಿಸಿತು. ಎದುರಿಗೆ ನಿಂತಿರುವವರು ದಂಧೆಯ ಯಜಮಾನರೋ, ಐನೂರು ಡಾಲರ್‌ಗೆ ಒಪ್ಪಿಕೊಂಡ ಕೊರಿಯರೋ, ಮೊದಲ ತಪ್ಪೋ ಹತ್ತನೆಯದೋ, ಯಾವುದನ್ನೂ ನೋಡುವ ಅಧಿಕಾರ ನ್ಯಾಯಾಧೀಶರಿಗೆ ಉಳಿಯಲಿಲ್ಲ.

ಐನೂರು ಡಾಲರ್ ಅಂತ ಸುಮ್ಮನೆ ಬರೆದದ್ದಲ್ಲ. ಆಂಥೋನಿ ಪಾಪಾ ಅನ್ನೋ ಬ್ರಾಂಕ್ಸಿನ ರೇಡಿಯೋ ರಿಪೇರಿಯವರು 1985ರಲ್ಲಿ ಒಂದು ಲಕೋಟೆ ತಲುಪಿಸಲು ಒಪ್ಪಿದ ಮೊತ್ತ ಅದು. ಒಳಗಿದ್ದದ್ದು ನಾಲ್ಕೂವರೆ ಔನ್ಸ್ ಕೊಕೇನ್. ಸಿಕ್ಕಿದ್ದು 15 ವರ್ಷದಿಂದ ಜೀವಾವಧಿ. ಅದಕ್ಕೂ ಎರಡು ವರ್ಷ ಮೊದಲು ಎಲೇನ್ ಬಾರ್ಟ್ಲೆಟ್ ಅನ್ನೋ ನಾಲ್ಕು ಮಕ್ಕಳ ತಾಯಿ ಹಾರ್ಲೆಮ್‌ನಿಂದ ಆಲ್ಬನಿಗೆ ನಾಲ್ಕು ಔನ್ಸ್ ಕೊಕೇನ್ ಒಯ್ದು ಸಿಕ್ಕಿಬಿದ್ದರು. ಅವರನ್ನು ಆ ಕೆಲಸಕ್ಕೆ ಎಳೆದವನು ಪೊಲೀಸರ ಮಾಹಿತಿದಾರ, ಸ್ವತಃ ಮಾರಾಟಗಾರ. ಬಾರ್ಟ್ಲೆಟ್ ಮೇಲೆ ಹಿಂದೆ ಒಂದು ಕೇಸೂ ಇರಲಿಲ್ಲ. ಶಿಕ್ಷೆ 20 ವರ್ಷದಿಂದ ಜೀವಾವಧಿ. ಹದಿನಾರು ವರ್ಷ ಒಳಗೆ ಕಳೆದು 2000ದಲ್ಲಿ ಗವರ್ನರ್ ಕ್ಷಮಾದಾನದ ಮೇಲೆ ಹೊರಬಂದರು. ಅಷ್ಟರಲ್ಲಿ ಮಕ್ಕಳು ತಾಯಿ ಇಲ್ಲದೆ ದೊಡ್ಡವರಾಗಿದ್ದರು.

ಇದರಲ್ಲಿ ಇನ್ನೊಂದು ಸಂಗತಿ ನಮಗೆ ತಡವಾಗಿ ಅರ್ಥ ಆಯಿತು. ಕನಿಷ್ಠ ಶಿಕ್ಷೆಯನ್ನು ಕಾನೂನೇ ನಿಗದಿ ಮಾಡಿದಾಗ ನ್ಯಾಯಾಧೀಶರ ಅಧಿಕಾರ ಎಲ್ಲಿಗೂ ಮಾಯ ಆಗಲ್ಲ, ಸರ್ಕಾರಿ ಪ್ರಾಸಿಕ್ಯೂಟರ್ ಕೈಗೆ ಹೋಗುತ್ತೆ. ಯಾವ ಸೆಕ್ಷನ್ ಹಾಕಬೇಕು ಅಂತ ತೀರ್ಮಾನಿಸೋದು ಅವರು. "ತಪ್ಪೊಪ್ಪಿಕೊಂಡರೆ ಐದು ವರ್ಷ, ವಿಚಾರಣೆಗೆ ಹೋದರೆ ಹದಿನೈದು" ಅಂತ ಎದುರಿಗಿಟ್ಟರೆ ಯಾರು ತಾನೇ ವಿಚಾರಣೆ ಕೇಳ್ತಾರೆ? ದೊಡ್ಡ ಕುಳಕ್ಕೆ ಕೊಡೋಕೆ ಹೆಸರುಗಳಿರುತ್ತವೆ, ಚೌಕಾಸಿ ಮಾಡ್ತಾನೆ. ಲಕೋಟೆ ಹೊತ್ತವರಿಗೆ ಯಾರ ಹೆಸರೂ ಗೊತ್ತಿರಲ್ಲ. 1973ರಲ್ಲಿ ಸುಮಾರು ಹನ್ನೆರಡೂವರೆ ಸಾವಿರ ಇದ್ದ ರಾಜ್ಯದ ಕೈದಿಗಳ ಸಂಖ್ಯೆ ತೊಂಬತ್ತರ ದಶಕದ ಕೊನೆಗೆ ಎಪ್ಪತ್ತು ಸಾವಿರ ದಾಟಿತು. ಡ್ರಗ್ ಕೇಸಿನಲ್ಲಿ ಒಳಗಿದ್ದವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನ ಕಪ್ಪು ಮತ್ತು ಲ್ಯಾಟಿನೋ ಸಮುದಾಯದವರು. ಅವರನ್ನು ಇಡೋಕೆ ಕಟ್ಟಿದ ಜೈಲುಗಳು ಬಂದದ್ದು ಬಹುಪಾಲು ದೂರದ ಹಳ್ಳಿಗಾಡಿಗೆ. ಅಲ್ಲಿನ ಜನಕ್ಕೆ ಜೈಲು ಅಂದರೆ ಕೆಲಸ, ಅಲ್ಲಿಂದ ಆರಿಸಿ ಬಂದ ಸೆನೆಟರ್‌ಗಳಿಗೆ ಜೈಲು ಅಂದರೆ ವೋಟು. ಹೀಗಾದ ಮೇಲೆ ಕಾನೂನು ಸಡಿಲ ಮಾಡಿ ಅಂದರೆ ಕೇಳೋರು ಯಾರು?

ಕೇಳುವಂತೆ ಮಾಡಿದ್ದು ಮೊದಲು ತಾಯಂದಿರು. ಪಾಪಾ ಜೈಲಿನಲ್ಲಿ ಚಿತ್ರ ಬರೆಯೋದು ಕಲಿತಿದ್ದರು. ಅವರ ಸ್ವಂತ ಮುಖದ ಒಂದು ಚಿತ್ರ ವಿಟ್ನಿ ಮ್ಯೂಸಿಯಂ ಗೋಡೆ ಏರಿತು, ಪತ್ರಿಕೆಗಳು ಬರೆದವು, 1996ರಲ್ಲಿ ಗವರ್ನರ್ ಜಾರ್ಜ್ ಪಟಾಕಿ ಕ್ಷಮಾದಾನ ಕೊಟ್ಟರು. ಹನ್ನೆರಡು ವರ್ಷದ ಮೇಲೆ ಹೊರಬಂದ ಮನುಷ್ಯ ಮನೆಯಲ್ಲಿ ಕೂರಲಿಲ್ಲ. ರ‍್ಯಾಂಡಿ ಕ್ರೆಡಿಕೋ ಅನ್ನೋ ಹಾಸ್ಯ ಕಲಾವಿದ, ಹೋರಾಟಗಾರರ ಜೊತೆ ಸೇರಿ ಕೈದಿಗಳ ಮನೆಯವರನ್ನು ಒಟ್ಟುಗೂಡಿಸಿದರು. ಅರ್ಜೆಂಟೀನಾದಲ್ಲಿ ಕಾಣೆಯಾದ ಮಕ್ಕಳಿಗಾಗಿ ಚೌಕದಲ್ಲಿ ನಿಂತ ತಾಯಂದಿರ ನೆನಪಿಗೆ ಸಂಘಟನೆಯ ಹೆಸರನ್ನೂ 'ನ್ಯೂಯಾರ್ಕಿನ ಕಾಣೆಯಾದವರ ತಾಯಂದಿರು' ಅಂತಲೇ ಇಟ್ಟರು. 1998ರ ಮೇ 8ಕ್ಕೆ ಕಾನೂನಿಗೆ ಇಪ್ಪತ್ತೈದು ವರ್ಷ. ಅವತ್ತು ಅವರು ಮಕ್ಕಳ ಫೋಟೋ ಹಿಡಿದು ಹೋಗಿ ನಿಂತದ್ದು ರಾಕ್‌ಫೆಲ್ಲರ್ ಸೆಂಟರ್ ಮುಂದೆ. ಜಾಗ ಆರಿಸಿದವರ ತಲೆಗೆ ನಮ್ಮ ನಮಸ್ಕಾರ!

ಎರಡನೆಯವರು ನಮಗೆ ಇನ್ನೂ ಹೆಚ್ಚು ಹಿಡಿಸಿದರು. ಜಾನ್ ಡನ್, ರಿಪಬ್ಲಿಕನ್ ಪಕ್ಷದವರು. 1973ರಲ್ಲಿ ಸೆನೆಟರ್ ಆಗಿ ಈ ಮಸೂದೆಯನ್ನು ಮಂಡಿಸಿದವರಲ್ಲಿ ಒಬ್ಬರು. ವರ್ಷಗಳ ನಂತರ ತಾವು ಮಾಡಿದ್ದು ತಪ್ಪು ಅಂತ ಬಹಿರಂಗವಾಗಿ ಹೇಳಿ, ಅದನ್ನು ಬದಲಿಸೋ ಹೋರಾಟಕ್ಕೆ ಇಳಿದರು. ಮಿಶಿಗನ್ ಕಥೆಯೂ ಇಂಥದ್ದೇ. 1978ರಲ್ಲಿ 650 ಗ್ರಾಂ ಮೀರಿದರೆ ಪೆರೋಲ್ ಇಲ್ಲದ ಜೀವಾವಧಿ ಅನ್ನೋ ಕಾನೂನಿಗೆ ಸಹಿ ಹಾಕಿದ ಗವರ್ನರ್ ವಿಲಿಯಂ ಮಿಲಿಕನ್ ಮುಂದೆ ಅದನ್ನು ತಮ್ಮ ವೃತ್ತಿಜೀವನದ ದೊಡ್ಡ ತಪ್ಪು ಅಂತ ಒಪ್ಪಿಕೊಂಡರು, 1998ರಲ್ಲಿ ಅದು ಸಡಿಲವಾಯಿತು. ಇಂಟರ್ನಲ್ಸ್‌ನಲ್ಲಿ ಒಂದು ಮಾರ್ಕು ತಪ್ಪು ಎಣಿಸಿದ್ದನ್ನು ಒಪ್ಪಿಕೊಳ್ಳೋದೇ ಎಷ್ಟು ಕಷ್ಟ ಅಂತ ನಾವು ದಿನಾ ನೋಡ್ತೀವಿ. ಇವರು ಸಾವಿರಾರು ಜನರ ಆಯಸ್ಸಿನ ಲೆಕ್ಕ ತಪ್ಪಿದ್ದನ್ನು ಒಪ್ಪಿಕೊಂಡವರು.

ಆದರೂ ಕೆಲಸ ಸಲೀಸಾಗಿ ಆಗಲಿಲ್ಲ. ಕ್ವೀನ್ಸ್‌ನ ಶಾಸಕ ಜೆಫ್ರಿಯಾನ್ ಆಬ್ರಿ ವರ್ಷವರ್ಷವೂ ಸುಧಾರಣಾ ಮಸೂದೆ ಹಿಡಿದು ನಿಲ್ಲುತ್ತಿದ್ದರು, ಅದು ಸೆನೆಟ್ ದಾಟುತ್ತಿರಲಿಲ್ಲ. 2003ರಲ್ಲಿ ಹಿಪ್‌ಹಾಪ್ ಉದ್ಯಮಿ ರಸೆಲ್ ಸಿಮನ್ಸ್ ನ್ಯೂಯಾರ್ಕ್ ಸಿಟಿ ಹಾಲ್ ಬಳಿ ದೊಡ್ಡ ಸಭೆ ಸೇರಿಸಿದರು, ಗಾಯಕರು ಬಂದರು, ಕ್ಯಾಮೆರಾಗಳು ಬಂದವು. ಆಮೇಲೆ ಅವರು ಗವರ್ನರ್ ಮತ್ತು ಎರಡೂ ಸದನಗಳ ನಾಯಕರ ಜೊತೆ ಗಂಟೆಗಟ್ಟಲೆ ಕೂತು ಮಾತಾಡಿದರು. ಏನೂ ಹೊರಬರಲಿಲ್ಲ. ಸ್ಟಾರ್ ಬಂದ್ರೆ ಎಲ್ಲಾ ಆಗುತ್ತೆ ಅಂದುಕೊಳ್ಳೋ ನಮ್ಮ ಫೆಸ್ಟ್ ಕಮಿಟಿಯವರು ಇದನ್ನು ಒಮ್ಮೆ ಓದಬೇಕು.

ಬಾಗಿಲು ಅಲುಗಿದ್ದು ಒಂದು ಜಿಲ್ಲಾ ಚುನಾವಣೆಯಿಂದ. ಅಲ್ಲಿ ಜಿಲ್ಲಾ ಪ್ರಾಸಿಕ್ಯೂಟರನ್ನು, ಅಂದರೆ ಡಿಸ್ಟ್ರಿಕ್ಟ್ ಅಟಾರ್ನಿಯನ್ನು, ಜನ ವೋಟು ಹಾಕಿ ಆರಿಸ್ತಾರೆ. 2004ರಲ್ಲಿ ರಾಜಧಾನಿ ಇರುವ ಆಲ್ಬನಿ ಕೌಂಟಿಯಲ್ಲಿ ಡೇವಿಡ್ ಸೋರೆಸ್ ಅನ್ನೋ ಯುವ ವಕೀಲರು, ಈ ಕಾನೂನನ್ನು ಸಮರ್ಥಿಸುತ್ತಿದ್ದ ತಮ್ಮದೇ ಕಚೇರಿಯ ಹಿರಿಯನ ವಿರುದ್ಧ ನಿಂತರು. ರಾಕ್‌ಫೆಲ್ಲರ್ ಕಾನೂನು ಬೇಡ ಅನ್ನೋದೇ ಅವರ ಪ್ರಚಾರದ ಮುಖ್ಯ ಮಾತು. ಪಕ್ಷದ ಒಳ ಚುನಾವಣೆಯಲ್ಲಿ ಗೆದ್ದರು, ನವೆಂಬರಿನಲ್ಲೂ ಗೆದ್ದರು. 'ಡ್ರಗ್ಸ್ ವಿಷಯದಲ್ಲಿ ಮೃದು' ಅನ್ನಿಸಿಕೊಂಡರೆ ಸೋಲು ಖಚಿತ ಅಂತ ಮೂವತ್ತು ವರ್ಷ ಹೆದರಿದ್ದ ರಾಜಕಾರಣಿಗಳ ಎದುರಿಗೇ, ಅವರದೇ ವಿಧಾನಸಭೆಯ ಅಂಗಳದಲ್ಲಿ, ಆ ಹೆದರಿಕೆ ಸುಳ್ಳಾಯಿತು. ಅದೇ ಡಿಸೆಂಬರಿನಲ್ಲಿ ಪಟಾಕಿ ಮೊದಲ ಸುಧಾರಣೆಗೆ ಸಹಿ ಹಾಕಿದರು. ಜೀವಾವಧಿ ಹೋಗಿ 8ರಿಂದ 20 ವರ್ಷ ಬಂತು.

ಅದು ಅರ್ಧ ಕೆಲಸ. ಮಿಕ್ಕ ಅರ್ಧದ ಕಥೆಯಲ್ಲಿ ಒಂದು ಸಿನಿಮಾ ತಿರುವು ಇದೆ. 2002ರಲ್ಲಿ ಈ ಕಾನೂನಿನ ವಿರುದ್ಧ ಗವರ್ನರ್ ಅವರ ನ್ಯೂಯಾರ್ಕ್ ನಗರದ ಕಚೇರಿ ಮುಂದೆ ಪ್ರತಿಭಟಿಸಿ ಬಂಧನಕ್ಕೊಳಗಾದವರಲ್ಲಿ ಹಾರ್ಲೆಮ್‌ನ ಸೆನೆಟರ್ ಡೇವಿಡ್ ಪ್ಯಾಟರ್ಸನ್ ಇದ್ದರು. ದೃಷ್ಟಿ ತೀರಾ ಕಡಿಮೆ ಇರುವ ಈ ಮನುಷ್ಯ ಲೆಫ್ಟಿನೆಂಟ್ ಗವರ್ನರ್ ಆದರು, 2008ರಲ್ಲಿ ಅಂದಿನ ಗವರ್ನರ್ ರಾಜೀನಾಮೆ ಕೊಟ್ಟಾಗ ಅನಿರೀಕ್ಷಿತವಾಗಿ ಆ ರಾಜ್ಯದ ಮೊದಲ ಕಪ್ಪು ಗವರ್ನರ್ ಆದರು. ಆ ವರ್ಷದ ಚುನಾವಣೆಯಲ್ಲಿ ಸೆನೆಟ್ ಕೂಡ ಅವರ ಪಕ್ಷದ ಕೈಗೆ ಬಂತು. 2009ರ ಏಪ್ರಿಲ್‌ನಲ್ಲಿ, ಆಬ್ರಿ ಅವರ ಕ್ವೀನ್ಸ್‌ನಲ್ಲಿ, ಬಹುತೇಕ ಕಡ್ಡಾಯ ಕನಿಷ್ಠ ಶಿಕ್ಷೆಗಳನ್ನು ತೆಗೆದು ಚಿಕಿತ್ಸೆಗೆ ಕಳಿಸೋ ಅಧಿಕಾರವನ್ನು ನ್ಯಾಯಾಧೀಶರಿಗೆ ಮರಳಿಸಿದ ಕಾನೂನಿಗೆ ಸಹಿ ಹಾಕಿದ್ದು ಇದೇ ಪ್ಯಾಟರ್ಸನ್.

ಈಗ ಮನೆಗೆ ಬರೋಣ.

ನಮ್ಮ ಎನ್‌ಡಿಪಿಎಸ್ ಕಾಯ್ದೆ 1985ರದ್ದು. ಅದಕ್ಕೆ ಮೊದಲು ಗಾಂಜಾ, ಅಫೀಮು ಎಲ್ಲ ಬಹುಪಾಲು ಅಬಕಾರಿ ಇಲಾಖೆಯ ವಿಷಯ ಆಗಿದ್ದವು. ಹೊಸ ಕಾಯ್ದೆಯಲ್ಲಿ ಸಾಗಣೆ, ಮಾರಾಟದಂಥ ಬಹುತೇಕ ಅಪರಾಧಗಳಿಗೆ ಕನಿಷ್ಠ ಹತ್ತು ವರ್ಷ. 1989ರಲ್ಲಿ ಇನ್ನೂ ಬಿಗಿ ಮಾಡಿ ಕೆಲವು ಪುನರಾವರ್ತಿತ ಅಪರಾಧಗಳಿಗೆ ಕಡ್ಡಾಯ ಮರಣದಂಡನೆ ತಂದರು, ಜಾಮೀನನ್ನು ಕಠಿಣ ಮಾಡಿದರು. 2001ರಲ್ಲಿ ಸ್ವಲ್ಪ ಬುದ್ಧಿ ಬಂದು ಶಿಕ್ಷೆಯನ್ನು ಪ್ರಮಾಣಕ್ಕೆ ತಕ್ಕಂತೆ ಮೆಟ್ಟಿಲು ಮಾಡಿದರು: ಸಣ್ಣ ಪ್ರಮಾಣ, ವಾಣಿಜ್ಯ ಪ್ರಮಾಣ, ಎರಡರ ನಡುವಿನದು. ಗಾಂಜಾಕ್ಕೆ 1 ಕೆಜಿ ಸಣ್ಣದು, 20 ಕೆಜಿ ವಾಣಿಜ್ಯ. ಹೆರಾಯಿನ್‌ಗೆ 5 ಗ್ರಾಂ, 250 ಗ್ರಾಂ. ವಾಣಿಜ್ಯ ಅಂದರೆ ಹತ್ತರಿಂದ ಇಪ್ಪತ್ತು ವರ್ಷ. ಒಳ್ಳೆಯ ಬದಲಾವಣೆಯೇ, ಆದರೆ ತಕ್ಕಡಿ ಮತ್ತೆ ಅದೇ ಕುರ್ಚಿಯಲ್ಲಿ.

ಅದರಲ್ಲೂ ಏನನ್ನು ತೂಗಬೇಕು ಅನ್ನೋದೇ ದೊಡ್ಡ ಜಗಳ. ಸಿಕ್ಕ ಪುಡಿಯಲ್ಲಿ ನಿಜವಾದ ಹೆರಾಯಿನ್ ಎಷ್ಟಿದೆಯೋ ಅಷ್ಟನ್ನೇ ಲೆಕ್ಕ ಹಿಡಿಯಬೇಕು ಅಂತ ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿತ್ತು. 2020ರಲ್ಲಿ ಹೀರಾ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿ, ಬೆರೆಸಿದ ಪುಡಿಯೂ ಸೇರಿ ಪೂರ್ತಿ ತೂಕ ಅಂದಿತು. ಬೀದಿಯಲ್ಲಿ ಮಾರೋದು ಬೆರಕೆ ಮಾಲೇ, ಅದನ್ನೇ ತೂಗಬೇಕು ಅನ್ನೋ ವಾದಕ್ಕೆ ಅರ್ಥ ಇಲ್ಲದಿಲ್ಲ. ಆದರೆ ಕೆಮಿಸ್ಟ್ರಿ ಲ್ಯಾಬಿನಲ್ಲಿ ದ್ರಾವಣದ ತೂಕವನ್ನೇ ದ್ರಾವ್ಯದ ತೂಕ ಅಂತ ಬರೆದರೆ ನಮಗೆ ಸೊನ್ನೆ ಬೀಳುತ್ತೆ. ಇಲ್ಲಿ ಹತ್ತು ವರ್ಷ ಬೀಳಬಹುದು.

ಇನ್ನೊಂದು ಕಡೆ, 2022ರಲ್ಲಿ ಬೆಂಗಳೂರಿನ ಪ್ರಕರಣವೊಂದರಲ್ಲಿ 29 ಕೆಜಿ ಭಂಗ್ ಸಿಕ್ಕಿದ್ದ ವ್ಯಕ್ತಿಗೆ ನಮ್ಮ ಹೈಕೋರ್ಟ್ ಜಾಮೀನು ಕೊಟ್ಟಿತು. ಗಾಂಜಾ ಅಂದರೆ ಗಿಡದ ಹೂವಿನ ತುದಿ, ಬರೀ ಎಲೆ ಅಲ್ಲ ಅಂತ ಕಾಯ್ದೆಯೇ ಹೇಳುತ್ತೆ, ಭಂಗ್ ನಿಷೇಧದ ಪಟ್ಟಿಯಲ್ಲಿಲ್ಲ. ಒಂದೇ ಗಿಡ, ಎಲೆಗೊಂದು ನ್ಯಾಯ, ಹೂವಿಗೊಂದು ನ್ಯಾಯ.

ಇಲ್ಲಿಯೂ ಹೋರಾಡಿದವರು ಇದ್ದಾರೆ. ಕಡ್ಡಾಯ ಮರಣದಂಡನೆಯನ್ನು ಇಂಡಿಯನ್ ಹಾರ್ಮ್ ರಿಡಕ್ಷನ್ ನೆಟ್‌ವರ್ಕ್ ಅನ್ನೋ ಸಂಘಟನೆ ಬಾಂಬೆ ಹೈಕೋರ್ಟಿನಲ್ಲಿ ಪ್ರಶ್ನಿಸಿತು. 2011ರಲ್ಲಿ ಕೋರ್ಟು ಕಾಯ್ದೆಯಲ್ಲಿದ್ದ 'ವಿಧಿಸಲೇಬೇಕು' ಅನ್ನೋದನ್ನು 'ವಿಧಿಸಬಹುದು' ಅಂತ ಓದಿಕೊಳ್ಳಬೇಕು ಅಂದಿತು, 2014ರಲ್ಲಿ ಸಂಸತ್ತೂ ಹಾಗೇ ತಿದ್ದಿತು. ಒಡಿಶಾದ ಸಂಸದರಾಗಿದ್ದ ತಥಾಗತ ಸತ್ಪಥಿ ತಾವು ಕಾಲೇಜು ದಿನಗಳಲ್ಲಿ ಗಾಂಜಾ ಸೇದಿದ್ದೆ ಅಂತ ಬಹಿರಂಗವಾಗಿ ಹೇಳಿ, ಈ ನಿಷೇಧ ಬಡವರ ಅಮಲಿನ ಮೇಲೆ ಉಳ್ಳವರು ಹೇರಿದ್ದು ಅಂತ ವಾದಿಸಿದರು. ಪಟಿಯಾಲದ ಸಂಸದ, ಹೃದ್ರೋಗ ತಜ್ಞ ಧರ್ಮವೀರ ಗಾಂಧಿ ಖಾಸಗಿ ಮಸೂದೆಯ ದಾರಿ ಹಿಡಿದರು. ಪಂಜಾಬ್ ಅಂದರೆ ಡ್ರಗ್ಸ್ ಅಂತ ದೇಶವೆಲ್ಲ ಮಾತಾಡುವಾಗ ಅಲ್ಲಿನ ವೈದ್ಯರೇ ಈ ಮಾತು ಎತ್ತಿದ್ದು ಸಣ್ಣ ಸಂಗತಿ ಅಲ್ಲ. ಆದರೆ ನಮ್ಮಲ್ಲಿ ಖಾಸಗಿ ಮಸೂದೆಯೊಂದು ಕೊನೆಯ ಸಲ ಕಾನೂನಾದದ್ದು 1970ರಲ್ಲಿ!

ನಮ್ಮ ಬೇಸರ ಇರೋದು ಇಲ್ಲಿ. ಬ್ರಾಂಚ್ ಯಾವುದಾದರೂ ನಮಗೆಲ್ಲ ಅರ್ಥ ಆಗೋ ಉದಾಹರಣೆ ಕೊಡ್ತೀವಿ. 2014ರ ತಿದ್ದುಪಡಿಯಲ್ಲಿ ಕಾಯ್ದೆಯ ಎರಡನೇ ಸೆಕ್ಷನ್ನಿನ ಒಂದು ವ್ಯಾಖ್ಯಾನದ ನಂಬರ್ ಬದಲಾಯಿತು. ಅದನ್ನು ಉಲ್ಲೇಖಿಸುತ್ತಿದ್ದ ಸೆಕ್ಷನ್ 27ಎಯಲ್ಲಿ ಹಳೇ ನಂಬರೇ ಉಳಿಯಿತು. ವೇರಿಯಬಲ್ ಹೆಸರು ಬದಲಿಸಿ ಫಂಕ್ಷನ್ ಒಳಗೆ ಬದಲಿಸೋದು ಮರೆತ ಹಾಗೆ. ಕಳ್ಳಸಾಗಣೆಗೆ ಹಣ ಹೂಡುವವರನ್ನು ಶಿಕ್ಷಿಸೋ ಸೆಕ್ಷನ್ ಏಳು ವರ್ಷ ಬೇರೆ ಯಾವುದೋ ಸಾಲನ್ನು ತೋರಿಸುತ್ತಿತ್ತು, ಕಂಪೈಲರ್ ಇಲ್ಲದ್ದರಿಂದ ಎರರ್ ಬರಲಿಲ್ಲ. 2021ರಲ್ಲಿ ತ್ರಿಪುರಾ ಹೈಕೋರ್ಟ್ ಎತ್ತಿ ತೋರಿಸಿತು. ಕೆಲವೇ ತಿಂಗಳಲ್ಲಿ ಸುಗ್ರೀವಾಜ್ಞೆ, ಡಿಸೆಂಬರಿನಲ್ಲಿ ಕಾಯ್ದೆ, ಅದೂ 2014ರಿಂದಲೇ ಪೂರ್ವಾನ್ವಯ. ಅದೇ 2021ರಲ್ಲಿ, ಸ್ವಂತ ಬಳಕೆಗೆ ಅಲ್ಪ ಪ್ರಮಾಣ ಇಟ್ಟುಕೊಂಡವರನ್ನು ಜೈಲಿನ ಬದಲು ಚಿಕಿತ್ಸೆಗೆ ಕಳಿಸಬೇಕು ಅಂತ ಸಾಮಾಜಿಕ ನ್ಯಾಯ ಸಚಿವಾಲಯ ಶಿಫಾರಸು ಮಾಡಿದ್ದು ಸುದ್ದಿಯಾಗಿತ್ತು. ಡಿಸೆಂಬರಿನಲ್ಲಿ ಬಂದ ತಿದ್ದುಪಡಿ ನಂಬರನ್ನಷ್ಟೇ ಸರಿಮಾಡಿತು. ಸೇವನೆಗೇ ಜೈಲು ಅನ್ನೋ ಸೆಕ್ಷನ್ 27 ಹಾಗೇ ಉಳಿಯಿತು.

"ಸಡಿಲ ಮಾಡಿದ್ರೆ ಎಲ್ರೂ ಶುರು ಮಾಡ್ತಾರೆ ಕಣೋ" ಅಂತ ನಮ್ಮ ಸಂಘದಲ್ಲೇ ಒಬ್ಬಳು ಗೆಳತಿ ಈ ಲೇಖನದ ಕರಡು ಓದಿ ಜಗಳ ಆಡಿದಳು. ಅವಳ ಊರಲ್ಲಿ, ಅವಳ ಬಂಧುಗಳಲ್ಲೇ ಒಬ್ಬ ಹುಡುಗ ಹಾಳಾದದ್ದನ್ನು ನೋಡಿದವಳು, ಅವಳ ಭಯವನ್ನು ನಾವು ತಮಾಷೆ ಮಾಡಲ್ಲ. ಮಾರುವವರನ್ನು ಬಿಟ್ಟುಬಿಡಿ ಅಂತ ನಾವು ಹೇಳ್ತಾನೂ ಇಲ್ಲ. ಆದರೆ ಅವಳಿಗೆ ಒಂದೇ ಪ್ರಶ್ನೆ ಕೇಳಿದೆವು: ಆ ಹುಡುಗ ಹಾಳಾಗ್ತಿದ್ದಾಗ ಕಾನೂನು ಇತ್ತಲ್ಲ, ಏನು ಮಾಡ್ತು? ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು, "ಮನೇಲಿ ಬಚ್ಚಿಟ್ರು. ಹೊರಗೆ ಗೊತ್ತಾದ್ರೆ ಕೇಸ್ ಆಗುತ್ತೆ ಅಂತ." ನ್ಯೂಯಾರ್ಕಿನಲ್ಲೂ 2009ರ ನಂತರ ಕೈದಿಗಳ ಸಂಖ್ಯೆ ಇಳಿಯುತ್ತಾ ಹೋಯಿತು, ಅಪರಾಧವೂ ಆ ದಶಕದಲ್ಲಿ ಇಳಿಯುತ್ತಲೇ ಇತ್ತು. ಅವಳು ಪೂರ್ತಿ ಒಪ್ಪಿಲ್ಲ. ಮುಂದಿನ ಸಂಚಿಕೆಗೆ ಉತ್ತರ ಬರೀತೀನಿ ಅಂದಿದ್ದಾಳೆ, ಬರೆದರೆ ಖಂಡಿತ ಹಾಕ್ತೀವಿ.

ಮೆಸ್ಸಿನ ಸಾಲಿನ ಪ್ರಶ್ನೆಗೆ ಉತ್ತರ ಕೊನೆಗೂ ಸಿಕ್ಕಿತು. ಕಾಯ್ದೆಯಲ್ಲಿ 64ಎ ಅಂತ ಒಂದು ಸೆಕ್ಷನ್ ಇದೆ. ಸೇವನೆಯ ಅಥವಾ ಸಣ್ಣ ಪ್ರಮಾಣದ ಆರೋಪ ಎದುರಿಸುತ್ತಿರುವ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆಯಲು ಮುಂದಾದರೆ ಆತನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ, ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಮಾತ್ರ ಆ ರಕ್ಷಣೆ ಹೋಗಬಹುದು. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗ ಇದೆ. 14446 ಅಂತ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ ಇದೆ. ಇಷ್ಟನ್ನು ಹೇಳೋಕೆ ಎರಡು ನಿಮಿಷ ಸಾಕು. ನಾವು ಇಲ್ಲಿ ಕಳೆದ ವರ್ಷಗಳಲ್ಲಿ ಒಂದು ಜೂನ್ 26ರಲ್ಲೂ ಯಾರೂ ಹೇಳಿದ್ದನ್ನು ಕೇಳಿಲ್ಲ.

ಈ ಸಲ ಪ್ರತಿಜ್ಞೆಯ ನಂತರ 64ಎಯನ್ನು ಕನ್ನಡದಲ್ಲಿ ವೇದಿಕೆಯಿಂದ ಓದಲು ಅವಕಾಶ ಕೊಡಿ ಅಂತ ಸಂಘದಿಂದ ಪತ್ರ ಕೊಟ್ಟಿದ್ದೇವೆ. ಆಫೀಸಿನಲ್ಲಿ ಸೀಲ್ ಹಾಕಿ ಇಟ್ಟುಕೊಂಡಿದ್ದಾರೆ, "ನೋಡೋಣ" ಅಂದಿದ್ದಾರೆ. ಆ ಹುಡುಗ ಈಗ ಸೆಕೆಂಡ್ ಇಯರ್. ಉತ್ತರ ಸಿಕ್ಕ ದಿನವೇ ಅವನ ರೂಮಿಗೆ ಹೋಗಿ ಹೇಳಿ ಬಂದೆವು. ತಲೆಯಾಡಿಸಿದ, ನಂಬರನ್ನು ಫೋನಿನಲ್ಲಿ ಬರೆದುಕೊಂಡ. ಯಾರಿಗಾಗಿ ಅಂತ ಅವತ್ತೂ ನಾವು ಕೇಳಲಿಲ್ಲ.